48 ಹುಣಸೆ ಮರ, 480 ಸಸಿ ಮತ್ತು ಒಂದು ಹಳೆಯ ಸೈಲೆನ್ಸರ್

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮೂರಿನ ರಸ್ತೆ ಅಗಲೀಕರಣದ ಸುದ್ದಿ ಬಂದಿತ್ತು. ರಸ್ತೆ ಬದಿಯ 48 ಮರ ಹೋಗುತ್ತವೆ, ಬದಲಿಗೆ 480 ಸಸಿ ನೆಡುತ್ತೇವೆ, ಒಂದಕ್ಕೆ ಹತ್ತು, ಹಾಗಾಗಿ ಪರಿಸರಕ್ಕೆ ಲಾಭವೇ ಹೊರತು ನಷ್ಟವಿಲ್ಲ ಅಂತ ಅಧಿಕಾರಿಯೊಬ್ಬರು ಹೇಳಿದ್ದನ್ನು ನೀವು ಹಾಗೇ ಹಾಕಿದ್ದೀರಿ. ಅದೇ ದಿನ ಒಳಪುಟದಲ್ಲಿ ಇನ್ನೊಂದು ಸಣ್ಣ ಸುದ್ದಿ ಇತ್ತು, ಪ್ಲಾಟಿನಂ ಬದಲಿಗೆ ಅಗ್ಗದ ಲೋಹ ಬಳಸಿ ಹೈಡ್ರೋಜನ್ ತಯಾರಿಸುವ ಸಂಶೋಧನೆ ಬಗ್ಗೆ. ನಾನು 31 ವರ್ಷ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವನು. ‘ಬದಲಿಗೆ’ ಅನ್ನೋ ಒಂದೇ ಪದಕ್ಕೆ ಒಂದು ಪುಟದಲ್ಲಿ ಒಂದು ಅರ್ಥ, ಇನ್ನೊಂದು ಪುಟದಲ್ಲಿ ಇನ್ನೊಂದು ಅರ್ಥ ಇರೋದು ನೋಡಿ ಸುಮ್ನೆ ಕೂರಲಾಗಲಿಲ್ಲ. ಪತ್ರ ಉದ್ದವಾದರೆ ಕತ್ತರಿಸಿ, ಆದರೆ ಮರದ ಭಾಗ ಕತ್ತರಿಸಬೇಡಿ.

ಮೊದಲು ಲೋಹದ ಕಥೆ ಹೇಳಿಬಿಡ್ತೀನಿ. ಆ ಸುದ್ದಿಯಲ್ಲಿ ಪ್ಲಾಟಿನಂ ಮಾಡುವ ಕೆಲಸ ಕ್ಯಾಟಲಿಸ್ಟಿನದು.

ಕ್ಯಾಟಲಿಸ್ಟ್ ಅಂದರೆ, ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸಿ ತಾನು ಖರ್ಚಾಗದೆ ಉಳಿಯುವ ವೇಗವರ್ಧಕ ಅಂದರೆ, ಮದುವೆ ಮಾಡಿಸುವ ಮಧ್ಯವರ್ತಿ ಇದ್ದ ಹಾಗೆ ಅಂತ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ. ಎರಡು ಕಡೆಯವರನ್ನು ಕೂಡಿಸುತ್ತಾನೆ, ಸಂಸಾರದಲ್ಲಿ ಸೇರಿಕೊಳ್ಳೋದಿಲ್ಲ, ಮುಂದಿನ ಮನೆಗೆ ಹೋಗುತ್ತಾನೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ‘ಸರ್, ಅವನು ಕಮಿಷನ್ ತಗೋತಾನಲ್ಲ’ ಅಂದ. ನಗಾಡಿದೆವು, ಆದರೆ ಮಾತು ಸರಿಯಾಗಿಯೇ ಇತ್ತು. ಎಂಥ ಕ್ಯಾಟಲಿಸ್ಟ್ ಆದರೂ ನಿಧಾನವಾಗಿ ಸೊರಗುತ್ತದೆ. ವಿಷ ತಗುಲುತ್ತದೆ, ಬಿಸಿಗೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪ ಆಗುತ್ತವೆ, ಕೆಲಸ ಕಡಿಮೆ ಆಗುತ್ತದೆ. ಅದಕ್ಕೇ ಆ ವಿದ್ಯೆಯಲ್ಲಿ ಒಂದು ಲೆಕ್ಕವಿದೆ: ಈ ಕ್ಯಾಟಲಿಸ್ಟ್ ಸಾಯುವ ಮುಂಚೆ ಎಷ್ಟು ಸಲ ಕೆಲಸ ಮಾಡಿತು? ಎಷ್ಟು ಗ್ರಾಂ ಹಾಕಿದೆ ಅನ್ನೋದನ್ನು ಹೇಳಿ ಯಾರೂ ಬೆನ್ನು ತಟ್ಟಿಸಿಕೊಳ್ಳೋಕೆ ಆಗೋದಿಲ್ಲ.

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಗಾಳಿಯಲ್ಲಿರುವ ನೈಟ್ರೋಜನ್ನಿಗೆ ಹೈಡ್ರೋಜನ್ ಸೇರಿಸಿ, ಯೂರಿಯಾದಂಥ ಗೊಬ್ಬರಕ್ಕೆ ಮೂಲವಾದ ಅಮೋನಿಯಾ ಮಾಡಿ ತೋರಿಸಿದರು. ಅವರು ಬಳಸಿದ ಕ್ಯಾಟಲಿಸ್ಟ್ ಆಸ್ಮಿಯಂ, ಪ್ಲಾಟಿನಂ ಕುಟುಂಬದ ಲೋಹ. ಆಗ ಜಗತ್ತಿನಲ್ಲಿ ಸಿಗುತ್ತಿದ್ದ ಆಸ್ಮಿಯಂ ಎಲ್ಲ ಗುಡ್ಡೆ ಹಾಕಿದರೂ ನೂರು ಕಿಲೋ ಆಸುಪಾಸು. ಅಷ್ಟರಲ್ಲಿ ಜಗತ್ತಿಗೆಲ್ಲ ಗೊಬ್ಬರ ಮಾಡಲು ಆಗುತ್ತದೆಯೇ? ಜರ್ಮನಿಯದೇ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನ ಆಲ್ವಿನ್ ಮಿಟಾಶ್ ಎಂಬ ರಸಾಯನಶಾಸ್ತ್ರಜ್ಞ ಬದಲಿ ಹುಡುಕಲು ಕೂತ. ಸುಮಾರು 2,500 ಬಗೆಯ ಪದಾರ್ಥ, 6,500 ಪರೀಕ್ಷೆ. ಒಂದು ದಿನ ಸ್ವೀಡನ್ನಿನ ಕಬ್ಬಿಣದ ಅದಿರಿನ ತುಂಡು ಹಾಕಿದಾಗ ಭಾರಿ ಕೆಲಸ ಮಾಡಿತು, ಶುದ್ಧ ಕಬ್ಬಿಣ ಹಾಕಿದರೆ ಮಾಡಲಿಲ್ಲ. ಯಾಕೆ ಅಂತ ಬೆನ್ನು ಹತ್ತಿದರೆ ಗುಟ್ಟು ಇದ್ದದ್ದು ಅದಿರಿನ ಕಲಬೆರಕೆಯಲ್ಲಿ. ಕಬ್ಬಿಣಕ್ಕೆ ಚೂರು ಅಲ್ಯುಮಿನಾ, ಚೂರು ಪೊಟ್ಯಾಶ್ ಸೇರಿದರೆ ಅದು ಗಟ್ಟಿ ಆಳು. 1913ರಲ್ಲಿ ಜರ್ಮನಿಯ ಓಪಾವ್ ಎಂಬಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತಿಗೂ ಅಮೋನಿಯಾ ಕಾರ್ಖಾನೆಗಳಲ್ಲಿ ಮುಖ್ಯವಾಗಿ ಇರುವುದು ಅದೇ ಕಬ್ಬಿಣ. ಮುಂಗಾರಿನಲ್ಲಿ ಸೊಸೈಟಿ ಮುಂದೆ ಆಧಾರ್ ಕಾರ್ಡ್ ಹಿಡಿದು ಯೂರಿಯಾ ಚೀಲಕ್ಕೆ ಕ್ಯೂ ನಿಲ್ಲುವ ನಮ್ಮ ರೈತರು ಆ ಕಬ್ಬಿಣದ ಋಣದಲ್ಲಿದ್ದಾರೆ, ಅವರಿಗೆ ಗೊತ್ತಿಲ್ಲ ಅಷ್ಟೇ.

ಸಲ್ಫ್ಯೂರಿಕ್ ಆಮ್ಲದ್ದೂ ಅದೇ ಕಥೆ. ಅಲ್ಲಿ ಪ್ಲಾಟಿನಂ ಇತ್ತು, ಆರ್ಸೆನಿಕ್ ತಗುಲಿದರೆ ಕೆಡುತ್ತಿತ್ತು, ವೆನೇಡಿಯಂ ಬಂದು ಅದರ ಜಾಗ ಹಿಡಿಯಿತು. ಎಣ್ಣೆ ಗಟ್ಟಿಯಾಗಿ ಡಾಲ್ಡಾ ಆಗುವುದು ನಿಕ್ಕಲ್ ಮೇಲೆ.

ಆದರೆ ಎಲ್ಲ ಕಡೆ ಬದಲಿ ಸಿಕ್ಕಿಲ್ಲ. ನನ್ನ ಅಳಿಯ, ಅಂದರೆ ತಂಗಿಯ ಮಗ, ಗ್ಯಾರೇಜ್ ಇಟ್ಟಿದ್ದಾನೆ. ಅಲ್ಲಿ ಹೋದ ತಿಂಗಳು ಒಂದು ಹಳೆಯ ಕಾರಿನ ಸೈಲೆನ್ಸರ್ ಬಿಚ್ಚಿ ಹಾಕಿದ್ದ. ‘ಮಾಮಾ, ನಿಮ್ಮ ಕ್ಯಾಟ್‌ಕಾನ್ ಬಂದಿದೆ ನೋಡಿ’ ಅಂತ ಕರೆದ. ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಕಾರಿನ ಹೊಗೆ ಶುದ್ಧ ಮಾಡುವ ಡಬ್ಬ. ತಗಡಿನ ಡಬ್ಬ ಸೀಳಿದರೆ ಒಳಗೆ ಬೂದು ಬಣ್ಣದ ಪಿಂಗಾಣಿ ಇಟ್ಟಿಗೆ, ಅದರ ತುಂಬ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಬೆಳಕಿಗೆ ಹಿಡಿದರೆ ಆ ಕಡೆ ಬೀದಿ ಕಾಣುತ್ತದೆ. ಒಂದು ಮೂಲೆ ಕರಗಿ ಗಾಜಿನ ಹಾಗೆ ಹೊಳೆಯುತ್ತಿತ್ತು, ಎಂಜಿನ್ನಿನ ಯಾವುದೋ ಪ್ಲಗ್ ಸರಿಯಾಗಿ ಕಿಡಿ ಕೊಡದೆ ಪೆಟ್ರೋಲ್ ಅಲ್ಲೇ ಹೋಗಿ ಉರಿದಿರಬೇಕು. ಆ ತೂತುಗಳ ಗೋಡೆಗೆ ಬಳಿದಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಎಲ್ಲ ಸೇರಿ ಕೆಲವೇ ಗ್ರಾಂ. ಅಷ್ಟೇ ಸಾಕು, ಕಾರ್ಬನ್ ಮೊನಾಕ್ಸೈಡನ್ನೂ ಅರೆಬೆಂದ ಪೆಟ್ರೋಲನ್ನೂ ನೈಟ್ರೋಜನ್ನಿನ ಕೆಟ್ಟ ಆಕ್ಸೈಡುಗಳನ್ನೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಳಗಿಸಿ ಹೊರಗೆ ಬಿಡುತ್ತದೆ. ಗುಜರಿಯವನು ಬಂದು ಇಟ್ಟಿಗೆ ಮುಟ್ಟಿ ನೋಡಿ ಹೇಳಿದ ರೇಟು ಕೇಳಿ ನಾನು ಕುರ್ಚಿ ಹುಡುಕಿದೆ. 2021ರಲ್ಲಿ ರೋಡಿಯಂ ಬೆಲೆ ಔನ್ಸಿಗೆ 29 ಸಾವಿರ ಡಾಲರ್ ಹತ್ತಿರ ಹೋಗಿತ್ತು. ರಾತ್ರಿ ನಿಲ್ಲಿಸಿದ ವ್ಯಾನುಗಳ ಸೈಲೆನ್ಸರ್ ಕಳುವಾಗುತ್ತಿದ್ದದ್ದು ಸುಮ್ನೆ ಅಲ್ಲ.

ಅಲ್ಲಿ ಕಬ್ಬಿಣ ಹಾಕಿದರೆ ಆಗಲ್ವಾ? ತಾಮ್ರ? ಎಷ್ಟೋ ಜನ ಪ್ರಯತ್ನ ಮಾಡಿದ್ದಾರೆ. ಪೆಟ್ರೋಲ್ ಎಂಜಿನ್ನಿನ ಆ ಬಿಸಿಗೆ, ಆ ಉಗಿಗೆ, ಗಂಧಕಕ್ಕೆ ಅಗ್ಗದ ಲೋಹ ಲಕ್ಷ ಕಿಲೋಮೀಟರ್ ತಡೆಯೋದಿಲ್ಲ. ಹಾಗಾಗಿ ಅವು ಇನ್ನೂ ಆ ಜಾಗಕ್ಕೆ ಬಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಎಸ್. ಹೆಗಡೆಯವರ ತಂಡ ಬೇರೆ ದಾರಿ ಹಿಡಿಯಿತು. ಪಲ್ಲಾಡಿಯಮ್ಮನ್ನು ಕಣಗಳಾಗಿ ಮೇಲೆ ಉದುರಿಸುವ ಬದಲು ಸೀರಿಯಂ ಆಕ್ಸೈಡಿನ ಒಳಗೇ ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಇರುವ ಬಿಡಿ ಪರಮಾಣುಗಳಾಗಿ, ಕೂರಿಸಿದರು. ಒಂದು ಕಣದಲ್ಲಿ ಒಳಗೆ ಅಡಗಿದ ಪರಮಾಣುಗಳು ಸುಮ್ನೆ ಸೋಮಾರಿಗಳಾಗಿ ಕೂತಿರುತ್ತವೆ, ಅಯಾನುಗಳಾಗಿ ಬಿಡಿ ಬಿಡಿಯಾಗಿ ಹರಡಿದರೆ ಕಡಿಮೆ ಲೋಹದಲ್ಲಿ ಜಾಸ್ತಿ ಕೆಲಸ. ಡೀಸೆಲ್ ಲಾರಿಯಲ್ಲಂತೂ ಅಗ್ಗದ ಲೋಹ ಒಂದು ಭಾಗ ಗೆದ್ದಾಗಿದೆ. ಡ್ರೈವರುಗಳು ಆಡ್‌ಬ್ಲೂ ಅಂತ ಬಕೆಟ್ಟಿನಲ್ಲಿ ತಂದು ಸುರಿಯುತ್ತಾರಲ್ಲ, ಅದು ಯೂರಿಯಾ ನೀರು. ಅದರಿಂದ ಬರುವ ಅಮೋನಿಯಾ, ತಾಮ್ರ ಇರುವ ಜಿಯೋಲೈಟ್ ಎಂಬ ಸಣ್ಣ ರಂಧ್ರಗಳ ಖನಿಜದ ಮೇಲೋ ವೆನೇಡಿಯಂ ಮೇಲೋ, ಹೊಗೆಯ ನೈಟ್ರೋಜನ್ ಆಕ್ಸೈಡುಗಳನ್ನು ಶುದ್ಧ ಮಾಡುತ್ತದೆ. ಅದೇ ಲಾರಿಯ ಇನ್ನೊಂದು ಡಬ್ಬದಲ್ಲಿ ಪ್ಲಾಟಿನಂ ಇದ್ದೇ ಇರುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಆ ಲೋಕದಲ್ಲಿ ಯಾರಾದರೂ ಬಂದು ‘ಒಂದು ಗ್ರಾಂ ಪ್ಲಾಟಿನಂ ತೆಗೆದಿದ್ದೇನೆ, ಬದಲಿಗೆ ಹತ್ತು ಗ್ರಾಂ ಕಬ್ಬಿಣ ಹಾಕಿದ್ದೇನೆ, ಆದ್ದರಿಂದ ಲಾಭ’ ಅಂದರೆ ನಗುತ್ತಾರೆ. ಹೊಗೆ ಅಳೆದು ತೋರಿಸು ಅನ್ನುತ್ತಾರೆ. ಸಾವಿರ ಗಂಟೆ ಓಡಿಸಿ ಆಮೇಲೆ ಅಳೆ ಅನ್ನುತ್ತಾರೆ. ನಮ್ಮೂರಿನ 48 ಮರಕ್ಕೆ ಮಾತ್ರ ಆ ಪ್ರಶ್ನೆ ಯಾರೂ ಕೇಳುವುದಿಲ್ಲ.

48 ಅನ್ನೋ ಸಂಖ್ಯೆ ನೋಡಿಯೇ ನನಗೆ ಅನುಮಾನ ಬಂತು. ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ನೋಟಿಸ್ ಹಾಕಿ ಜನರ ಆಕ್ಷೇಪಣೆ ಕೇಳಬೇಕು ಅಂತ ಆಮೇಲೆ ತಿದ್ದುಪಡಿ ಆಯಿತು. ಈಗ ಮೊದಲ ಹಂತದಲ್ಲಿ 48. ಕಚೇರಿಯಲ್ಲಿ ವಿಚಾರಿಸಿದರೆ ಎರಡನೇ ಹಂತದಲ್ಲಿ 46 ಅಂತೆ. ರಸ್ತೆ ಒಂದೇ, ಟಾರು ಒಂದೇ, ಹಂತ ಮಾತ್ರ ಎರಡು. ಕಾಕತಾಳೀಯ ಇರಬಹುದು. ಇರಲಿ.

ಆ ಮರಗಳಲ್ಲಿ ಜಾಸ್ತಿ ಹುಣಸೆ. ಯಾವ ಕಾಲದ್ದೋ, ನಮ್ಮಪ್ಪ ಎತ್ತಿನ ಗಾಡಿ ನಿಲ್ಲಿಸುತ್ತಿದ್ದ ಮರಗಳು. ಪ್ರತಿ ವರ್ಷ ಹಣ್ಣಿನ ಹರಾಜು ಆಗುತ್ತದೆ. ಹಿಡಿದವರು ಬೇಸಿಗೆಯ ಶುರುವಿನಲ್ಲಿ ಕೋಲು ಹಿಡಿದು ಬಂದು ಬಡಿಯುತ್ತಾರೆ, ಹೆಣ್ಣುಮಕ್ಕಳು ಚೀಲ ಹಾಸಿ ಕೂತು ಸಿಪ್ಪೆ ಬಿಡಿಸುತ್ತಾರೆ, ಬೀಜ ಬೇರೆ ಮಾರಾಟ. ಬಸ್ ಸ್ಟ್ಯಾಂಡ್ ಕಡೆಯ ಮೂರನೇ ಮರದ ಕೆಳಗೆ ಚಪ್ಪಲಿ ಹೊಲಿಯುವವರು ಒಬ್ಬರು ಇದ್ದಾರೆ, ಅವರ ಪೆಟ್ಟಿಗೆ ಬೆಳಿಗ್ಗೆ ಬೇರಿನ ಈ ಕಡೆ, ಮಧ್ಯಾಹ್ನದ ಮೇಲೆ ಆ ಕಡೆ. ಅವರಿಗೆ ಗಡಿಯಾರ ಬೇಕಿಲ್ಲ. ಏಪ್ರಿಲ್ ತಿಂಗಳ ಎರಡು ಗಂಟೆಯಲ್ಲಿ ಸೊಪ್ಪು ಮಾರುವವರು, ಪರೀಕ್ಷೆ ಮುಗಿಸಿ ಬಂದ ಮಕ್ಕಳು, ಎರಡು ನಾಯಿ, ಒಂದು ಟಂಟಂ ಗಾಡಿ ಎಲ್ಲ ಆ ಒಂದು ನೆರಳಿನಲ್ಲಿ. ಮರ ಮಾಡುವ ಕೆಲಸ ಇದು. 480 ಸಸಿಯಲ್ಲಿ ಯಾವುದು ಈ ಕೆಲಸ ಮಾಡುತ್ತದೆ, ಯಾವ ವರ್ಷದಿಂದ ಮಾಡುತ್ತದೆ, ಎಲ್ಲಿ ಮಾಡುತ್ತದೆ? ಸಸಿ ನೆಡುವ ಜಾಗ ಊರ ಹೊರಗಿನ ಗುಡ್ಡದ ಇಳಿಜಾರು ಅಂತೆ. ಚಪ್ಪಲಿ ಹೊಲಿಯುವವರು ಪೆಟ್ಟಿಗೆ ಹೊತ್ತು ಗುಡ್ಡಕ್ಕೆ ಹೋಗಬೇಕಾ?

ಇನ್ನು ನೆಡುವುದರ ಬಗ್ಗೆ. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯಲ್ಲಿ ವನಮಹೋತ್ಸವ ಆಯಿತು. ಶಾಮಿಯಾನ, ಮೈಕು, ಹಾರ. ಗಣ್ಯರು ಒಬ್ಬೊಬ್ಬರಾಗಿ ಬಂದು ಒಂದೇ ಸಸಿ ಹಿಡಿದು ನಿಂತರು, ಫೋಟೋ ತೆಗೆದರು, ಕೈ ತೊಳೆಯಲು ಚೊಂಬಿನಲ್ಲಿ ನೀರು ಬಂತು. ಸಸಿಗೆ ನೀರು ಬಂದದ್ದು ಸಂಜೆ, ಅದೂ ಮಳೆ ಬಂದದ್ದಕ್ಕೆ. ನಮ್ಮ ಬೀದಿಯಲ್ಲಿ ಹನ್ನೆರಡು ಗುಂಡಿ. ಮಾರ್ಚ್ ಹೊತ್ತಿಗೆ ಮೂರು ಉಳಿದಿದ್ದವು. ಒಣಗಿದ್ದೊಂದನ್ನು ಕಿತ್ತು ನೋಡಿದೆ, ಬೇರಿನ ಸುತ್ತ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಬೇರು ಚೀಲದ ಒಳಗೇ ಸುತ್ತಿ ಸುತ್ತಿ ಸಿಂಬಿ ಆಗಿತ್ತು. ಮಣ್ಣು ಮುಟ್ಟುವ ಭಾಗ್ಯವೇ ಅದಕ್ಕೆ ಸಿಗಲಿಲ್ಲ. ಮುಂದಿನ ಜುಲೈನಲ್ಲಿ ಅದೇ ಗುಂಡಿಗೆ ಹೊಸ ಸಸಿ ಬಂತು, ಹೊಸ ಲೆಕ್ಕವೂ ಬಂತು.

ನಮ್ಮಲ್ಲಿ ಮಾತ್ರ ಹೀಗೆ ಅಂತ ಅಲ್ಲ. 2019ರ ನವೆಂಬರ್ 11ರಂದು ಟರ್ಕಿಯಲ್ಲಿ ಒಂದೇ ದಿನ 1 ಕೋಟಿ 10 ಲಕ್ಷ ಸಸಿ ನೆಟ್ಟರು. ಕೆಲವೇ ತಿಂಗಳಲ್ಲಿ ನೋಡಿ ಬಂದ ಅಲ್ಲಿನ ಕೃಷಿ-ಅರಣ್ಯ ನೌಕರರ ಸಂಘ, ನೋಡಿದ ಕಡೆ ನೂರಕ್ಕೆ ತೊಂಬತ್ತರವರೆಗೆ ಸತ್ತಿವೆ ಅಂತ ಹೇಳಿತು. ಸರ್ಕಾರ ಒಪ್ಪಲಿಲ್ಲ. ನಮ್ಮ ಮಧ್ಯಪ್ರದೇಶದಲ್ಲಿ 2017ರ ಜುಲೈ 2ರಂದು ನರ್ಮದೆಯ ದಂಡೆ ಸುತ್ತಮುತ್ತ 12 ಗಂಟೆಯಲ್ಲಿ 6 ಕೋಟಿಗೂ ಮೀರಿ ನೆಟ್ಟೆವು ಅಂತ ಘೋಷಿಸಿದರು. ದಾಖಲೆ ಪುಸ್ತಕದವರು ಗಂಟೆ ನೋಡುತ್ತಾರೆ, ಅದು ಅವರ ಕಸುಬು. ಐದು ವರ್ಷ ಬಿಟ್ಟು ಬಂದು ಎಣಿಸಿದರೆ ದಾಖಲೆ ಅಂತ ಯಾರಾದರೂ ಒಂದು ಪುಸ್ತಕ ಶುರು ಮಾಡಬೇಕು.

ಸಸಿ ಬದುಕಿದರೆ ಮುಗಿಯಿತು ಅಂತಲೂ ಅಲ್ಲ, ಯಾವ ಸಸಿ ಅನ್ನೋದೂ ರಾಜಕೀಯವೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, 1987ರ ನವೆಂಬರ್ 14ರಂದು, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸತ್ಯಾಗ್ರಹ ಮಾಡಿದರು. ಸರ್ಕಾರ ಮತ್ತು ಮರದ ತಿರುಳು ಮಾಡುವ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿದ್ದವು. ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆ ಭೂಮಿ, ಅಂದರೆ ಊರವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಭೂಮಿ, ನೀಲಗಿರಿ ತೋಪಿಗೆ ಹೋಗಬೇಕಿತ್ತು. ಕಾಗದದಲ್ಲಿ ಅದೂ ಗಿಡ ನೆಡುವ ಕಾರ್ಯಕ್ರಮವೇ, ಹಸಿರೇ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಊರ ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಅಂತ ಅದರ ಹೆಸರು. ಅದಕ್ಕೂ ಮೊದಲೇ, 1983ರಲ್ಲಿ, ತುಮಕೂರು ಕಡೆ ರೈತರು ನರ್ಸರಿಯ ನೀಲಗಿರಿ ಸಸಿ ಕಿತ್ತು ಹಾಕಿದ್ದರು. ನಿಜ ಹೇಳಬೇಕು, ಆಗ ನನಗೆ ಇವರೆಲ್ಲ ಹುಚ್ಚರು ಅನ್ನಿಸಿತ್ತು. ಗಿಡ ಅಂದರೆ ಗಿಡ, ಕೀಳೋದು ಯಾಕೆ ಅಂತ ಸ್ಟಾಫ್ ರೂಮಿನಲ್ಲಿ ವಾದ ಮಾಡಿದ್ದೆ. ಹಾನಗಲ್ ಕಡೆಯ ಹುಡುಗನೊಬ್ಬ ‘ಸರ್, ನೀಲಗಿರಿ ಎಲೆ ಯಾವ ಎಮ್ಮೆ ತಿಂತದ್ರೀ’ ಅಂತ ಕೇಳಿದ ಮೇಲೆ ಬಾಯಿ ಮುಚ್ಚಿದೆ. ಆ ಕಂಪನಿ 1991ರಲ್ಲಿ ಮುಚ್ಚಿತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು, ಕೋಲಾರ ಚಿಕ್ಕಬಳ್ಳಾಪುರದ ಬೋರ್‌ವೆಲ್ ಪಾತಾಳ ಮುಟ್ಟಿದ ಮೇಲೆ.

ಉಪಗ್ರಹದಿಂದ ನೋಡುವ ಸರ್ಕಾರಿ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ನೂರಕ್ಕೆ ಹತ್ತು ಭಾಗ ಮರದ ಮೇಲ್ಚಾವಣಿ ಇದ್ದರೆ ಅದು ‘ಅರಣ್ಯ ಹೊದಿಕೆ’. ಯಾವ ಜಾತಿ, ಯಾರ ಜಮೀನು ಅಂತ ಕೇಳೋದಿಲ್ಲ. ನೀಲಗಿರಿ ತೋಪೂ ಅಷ್ಟೇ, ತೆಂಗಿನ ತೋಟವೂ ಅಷ್ಟೇ, ಪಶ್ಚಿಮಘಟ್ಟದ ಸಹಜ ಶೋಲಾ ಕಾಡೂ ಅಷ್ಟೇ.

ದುಡ್ಡಿಲ್ಲ ಅನ್ನೋ ಮಾತೂ ನಂಬಬೇಡಿ. ಕಾಡು ಕಡಿದ ಯೋಜನೆಗಳಿಂದ ಬದಲಿ ಅರಣ್ಯಕ್ಕೆ ಅಂತ ಸಂಗ್ರಹವಾಗಿ ಕೂತಿದ್ದ ಹಣದಲ್ಲಿ 2019ರಲ್ಲಿ ಕೇಂದ್ರವು ರಾಜ್ಯಗಳಿಗೆ ಕೊಟ್ಟದ್ದೇ 47 ಸಾವಿರ ಕೋಟಿ ರೂಪಾಯಿ ಮೇಲೆ. ಸಾಲುಮರದ ತಿಮ್ಮಕ್ಕನ ಹತ್ತಿರ ಅದರಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ಕೊಡದಲ್ಲಿ ನೀರು ಹೊತ್ತು ಹುಲಿಕಲ್-ಕುದೂರು ರಸ್ತೆಯಲ್ಲಿ ಆಲದ ಸಾಲು ಬೆಳೆಸಿದರು. ಅವರಿಗೆ ಪದ್ಮಶ್ರೀ ಬಂದ ವರ್ಷವೇ, 2019ರಲ್ಲಿ, ರಸ್ತೆ ಅಗಲ ಮಾಡಲು ಆ ಮರಗಳಿಗೇ ಕೊಡಲಿ ಬೀಳುವುದರಲ್ಲಿತ್ತು. ಆಕೆಯೇ ಮುಖ್ಯಮಂತ್ರಿಗೆ ಹೇಳಿ ತಡೆಯಬೇಕಾಯಿತು.

ಲೋಹದ ಬದಲಿಯನ್ನು ನಾನು ತುಂಬ ಹೊಗಳಿದೆ, ಅದಕ್ಕೂ ಒಂದು ಮಾತು ಸೇರಿಸದಿದ್ದರೆ ಅನ್ಯಾಯ. ಅಗ್ಗದ ಲೋಹವೂ ಯಾರದೋ ಗುಡ್ಡದಿಂದಲೇ ಬರಬೇಕು. ನಿಕ್ಕಲ್‌ಗಾಗಿ ಇಂಡೋನೇಷ್ಯಾದ ಸುಲಾವೆಸಿಯಲ್ಲಿ ಕಾಡು ಹೋಗುತ್ತಿದೆ. ಆ ನಿಕ್ಕಲ್ ಬಹುಪಾಲು ಸ್ಟೀಲಿಗೆ, ಬ್ಯಾಟರಿಗೆ ಹೋಗುತ್ತದೆ, ಕ್ಯಾಟಲಿಸ್ಟಿಗೆ ಹೋಗುವುದು ಚೂರು, ಆದರೂ ಗುಡ್ಡ ಅದೇ. ನಮ್ಮ ಸಂಡೂರಿನ ದೇವದಾರಿ ಗುಡ್ಡದ ಗಣಿ ಜಗಳ ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಪ್ಲಾಟಿನಂ ಅಂದರೆ ಎಲ್ಲೋ ದಕ್ಷಿಣ ಆಫ್ರಿಕಾದ್ದು, ನಮಗೇನು ಅಂದುಕೊಳ್ಳುವವರಿಗೆ ಒಂದು ಸುದ್ದಿ: ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ ಭೂವಿಜ್ಞಾನ ಸರ್ವೇಕ್ಷಣೆಯವರು ಪ್ಲಾಟಿನಂ ಗುಂಪಿನ ಲೋಹ ಇರುವುದನ್ನು ಗುರುತಿಸಿ ಬಹಳ ಕಾಲವಾಯಿತು. ನಾಳೆ ಅಲ್ಲಿ ಗಣಿ ತೆಗೆದರೆ ‘ಒಂದಕ್ಕೆ ಹತ್ತು’ ಅಂತ ಅಲ್ಲೂ ಒಂದು ಬೋರ್ಡ್ ಬೀಳುತ್ತದೆ. ಹಾಗಾಗಿ ಕಡಿಮೆ ಲೋಹದಲ್ಲಿ ಜಾಸ್ತಿ ಕೆಲಸ ತೆಗೆಯುವ ಹೆಗಡೆಯವರ ದಾರಿ, ಹಳೆ ಡಬ್ಬದಿಂದ ಲೋಹ ವಾಪಸ್ ತೆಗೆಯುವ ಗುಜರಿಯವರ ದಾರಿ ನನಗೆ ಹೆಚ್ಚು ಇಷ್ಟ.

ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಆ ರಸ್ತೆಯಲ್ಲಿ ಸ್ಕೂಟರ್ ಓಡಿಸುವವನೇ ನಾನು, ಸಂಜೆ ಐದಕ್ಕೆ ಅಲ್ಲಿ ನುಗ್ಗುವುದು ಏನು ಕಷ್ಟ ಅಂತ ಗೊತ್ತು. ಆದರೆ ಕಡಿಯುವ ಮೊದಲು ಆ 48 ಮರದಲ್ಲಿ ಯಾವುದು ರಸ್ತೆಗೆ ನಿಜವಾಗಿ ಅಡ್ಡ, ಯಾವುದನ್ನು ಮಧ್ಯದ ಡಿವೈಡರಿನಲ್ಲಿ ಉಳಿಸಬಹುದು ಅಂತ ಒಂದೊಂದರ ಬುಡಕ್ಕೂ ಹೋಗಿ ನೋಡಲಿ, ಎರಡೂ ಹಂತ ಸೇರಿಸಿ 94 ಅಂತ ಬರೆದು ನೋಟಿಸ್ ಹಾಕಲಿ, ನಾವು ಬಂದು ಮಾತಾಡುತ್ತೇವೆ. ಸಸಿ ನೆಡುವ ಗುತ್ತಿಗೆದಾರನಿಗೆ ಗುಂಡಿ ತೋಡಿದ ದಿನವೇ ಪೂರ್ತಿ ಬಿಲ್ ಕೊಡಬೇಡಿ. ಅರ್ಧ ಆಗ ಕೊಡಿ, ಉಳಿದದ್ದು ಮೂರನೇ ಬೇಸಿಗೆ ದಾಟಿದ ಸಸಿ ಎಣಿಸಿ ಕೊಡಿ. ಅವನೇ ಟ್ಯಾಂಕರ್ ತಂದು ನೀರು ಹಾಕುತ್ತಾನೆ, ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚುತ್ತಾನೆ. ಮತ್ತೆ ನೆಡುವುದಾದರೆ ಅದೇ ರಸ್ತೆಯ ಅಂಚಿನಲ್ಲಿ ನೆಡಲಿ, ಗುಡ್ಡದಲ್ಲಿ ಅಲ್ಲ. ಹುಣಸೆ, ಬೇವು, ಹೊಂಗೆ ಸಾಕು. ಫೋಟೋದಲ್ಲಿ ಚೆನ್ನಾಗಿ ಕಾಣುವ ಪರದೇಶದ ಹೂವಿನ ಗಿಡ ಬೇಡ.

ಪತ್ರಿಕೆಯವರಿಗೂ ಒಂದು ಮನವಿ. ಜೂನ್ 5ರಂದು ಗಣ್ಯರು ಸಸಿ ಹಿಡಿದ ಫೋಟೋ ಹಾಕುತ್ತೀರಿ, ಹಾಕಿ. ಅದೇ ಗುಂಡಿಯ ಫೋಟೋವನ್ನು ಮಾರ್ಚ್ ಕೊನೆಯಲ್ಲಿ, ಅಷ್ಟೇ ಅಳತೆಯಲ್ಲಿ, ಅದೇ ಪುಟದಲ್ಲಿ ಹಾಕಿ. ಕೆಳಗೆ ಅದೇ ಗಣ್ಯರ ಹೆಸರು ಇರಲಿ. ನಮ್ಮ ಬೀದಿಯ ಮೂರು ಸಸಿಯಿಂದ ಶುರು ಮಾಡಬಹುದು, ಎರಡು ಹೊಂಗೆ, ಒಂದು ನೇರಳೆ. ನೇರಳೆಗೆ ಆಡು ಬಾಯಿ ಹಾಕಿತ್ತು, ಈಗ ಮತ್ತೆ ಚಿಗುರಿದೆ. ನಿಮ್ಮ ಫೋಟೋಗ್ರಾಫರನ್ನು ಬೆಳಿಗ್ಗೆ ಏಳಕ್ಕೆ ಮುಂಚೆ ಕಳಿಸಿ, ನಾನು ನೀರು ಹಾಕುವ ಹೊತ್ತು. ಚಹಾ ನಮ್ಮ ಮನೆಯಲ್ಲೇ.

ಇತಿ,
ನಿವೃತ್ತ ಕೆಮಿಸ್ಟ್ರಿ ಉಪನ್ಯಾಸಕ, ರಾಣೆಬೆನ್ನೂರು